ದ್ರಾಕ್ಷಿಯ ನಾಡಿನಲ್ಲಿ ಬೈಸಿಕಲ್ ಸವಾರಿ

ಭಾನುವಾರ ನಸುಕಿನ ನಾಲ್ಕು ಗಂಟೆಗೆ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲು ಸದ್ದಿಲ್ಲದೆ ತೆರೆದುಕೊಳ್ಳುವುದುಂಟು. ತಲೆಗೆ ಹೆಲ್ಮೆಟ್ಟು, ಬೆನ್ನ ಜೇಬಿನಲ್ಲಿ ಎರಡು ಬಾಳೆಹಣ್ಣು, ಆಸನದ ಕೆಳಗೆ ಮಿನುಗುವ ಕೆಂಪು ದೀಪ. ಮನೆಯ ಮಗನೋ ಮಗಳೋ ಬೈಸಿಕಲ್ಲನ್ನು ಮೆಟ್ಟಿಲಿನಿಂದ ಎತ್ತಿ ಇಳಿಸುವಾಗ ಒಳಗಿನಿಂದ ತಾಯಿಯ ಪ್ರಶ್ನೆ ತಪ್ಪದು: “ಇವತ್ತೂ ನಂದಿಗೇನಾ?” ಉತ್ತರವೂ ಬದಲಾಗದು: “ಹೌದಮ್ಮ, ಊಟದ ಹೊತ್ತಿಗೆ ಬಂದುಬಿಡ್ತೀನಿ.”

ನಂದಿಯ ಆಕರ್ಷಣೆಯೇ ಅಂಥದು. ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ಈ ಬೆಟ್ಟ ರಾಜಧಾನಿಯಿಂದ ಸುಮಾರು 60 ಕಿಲೋಮೀಟರು ದೂರ. ಹೋಗಿಬರಲು ಒಂದು ಬೆಳಗು ಸಾಕು. ಆದರೆ ಬೆಟ್ಟವನ್ನೇರಿ, ಮಂಜನ್ನು ಕಂಡು, ಕಾಫಿ ಕುಡಿದು, ಬಂದ ದಾರಿಯಲ್ಲೇ ಹಿಂದಿರುಗುವ ಸವಾರರಲ್ಲಿ ಬಹುಮಂದಿ ಬೆಟ್ಟದ ಆಚೆ ಮಗ್ಗುಲಿನ ನಾಡನ್ನು ನೋಡಿಯೇ ಇಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂಬ ನಾಲ್ಕು ಊರುಗಳು ಒಂದೇ ರಸ್ತೆಯ ಮೇಲೆ ಪೋಣಿಸಿದ ಮಣಿಗಳಂತೆ ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ನಿಂತಿವೆ. ಮೊದಲಿನಿಂದ ಕೊನೆಯವರೆಗೆ ಸುಮಾರು 80 ಕಿಲೋಮೀಟರು. ದಾರಿಯುದ್ದಕ್ಕೂ ಬಂಡೆಗುಡ್ಡಗಳು, ಕೆರೆಗಳ ಏರಿಗಳು, ಹಿಪ್ಪುನೇರಳೆಯ ತೋಟಗಳು. ನಡುನಡುವೆ ಕಲ್ಲುಕಂಬಗಳ ಮೇಲೆ ಹಬ್ಬಿದ ದ್ರಾಕ್ಷಿಯ ಚಪ್ಪರಗಳು. ಬೈಸಿಕಲ್ಲಿನ ಮೇಲೆ ಕುಳಿತು ನೋಡಲೆಂದೇ ಹರಡಿದಂತಿರುವ ನಾಡು ಇದು.

ಫ್ರಾನ್ಸಿನ ಮಾದರಿ

ದ್ರಾಕ್ಷಿ, ಗುಡ್ಡ, ಬೈಸಿಕಲ್ ಈ ಮೂರನ್ನೂ ಒಟ್ಟುಗೂಡಿಸಿದ ಕೀರ್ತಿ ಫ್ರಾನ್ಸ್ ದೇಶದ್ದು. ಅಲ್ಸೇಸ್ ಪ್ರಾಂತದಲ್ಲಿ 1953ರಲ್ಲಿಯೇ ದ್ರಾಕ್ಷಿತೋಟಗಳ ನಡುವಣ ಹಳ್ಳಿಗಳನ್ನು ಬೆಸೆಯುವ ಸುಮಾರು 170 ಕಿಲೋಮೀಟರಿನ ‘ವೈನ್ ಮಾರ್ಗ’ವನ್ನು ಗುರುತಿಸಿದರು. ಬರ್ಗಂಡಿಯಲ್ಲಿ ಬೋನ್ ಪಟ್ಟಣದಿಂದ ದಕ್ಷಿಣಕ್ಕೆ, ರೈತರು ತೋಟಕ್ಕೆ ಹೋಗಿಬರುವ ಕಾಲುದಾರಿಗಳನ್ನೇ ಜೋಡಿಸಿ ಸೈಕಲ್ ಸವಾರರಿಗೆ ದಾರಿ ಮಾಡಿಕೊಟ್ಟಿದ್ದಾರೆ. ಅದೇ ಪ್ರಾಂತದ ಜಿವ್ರಿ ಮತ್ತು ಕ್ಲೂನಿ ಊರುಗಳ ನಡುವೆ ರೈಲು ನಿಂತುಹೋದ ಹಳಿಯ ಜಾಗವನ್ನು 1997ರಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಹೊಸದಾಗಿ ಕಟ್ಟಿದ್ದು ಕಡಿಮೆ. ಇದ್ದುದನ್ನು ಗುರುತಿಸಿ, ಫಲಕ ನೆಟ್ಟು, ಮೋಟಾರುಗಳನ್ನು ದೂರವಿರಿಸಿದ್ದೇ ಹೆಚ್ಚು.

ಅಲ್ಲಿನ ಗುಡ್ಡಗಳೆಲ್ಲವೂ ಸೌಮ್ಯವಲ್ಲ. ದಕ್ಷಿಣ ಫ್ರಾನ್ಸಿನ ವಾಂತೂ ಪರ್ವತದ ತಪ್ಪಲಿನಲ್ಲಿ ದ್ರಾಕ್ಷಿತೋಟಗಳಿವೆ. ಅವುಗಳ ನಡುವಿನಿಂದ ಹೊರಟ ರಸ್ತೆ 21 ಕಿಲೋಮೀಟರಿನಲ್ಲಿ ಸುಮಾರು 1,600 ಮೀಟರು ಏರಿ ಬೋಳುಶಿಖರವನ್ನು ಮುಟ್ಟುತ್ತದೆ. 1967ರ ಜುಲೈ 13ರಂದು ‘ತೂರ್ ದ ಫ್ರಾನ್ಸ್’ ಪಂದ್ಯದಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಸವಾರ ಟಾಮ್ ಸಿಂಪ್ಸನ್ ಶಿಖರಕ್ಕೆ ಒಂದು ಮೈಲಿಗೂ ಕಡಿಮೆ ದೂರವಿರುವಾಗ ಕುಸಿದುಬಿದ್ದು ಪ್ರಾಣಬಿಟ್ಟ. ಸುಡುಬಿಸಿಲು, ನೀರಿನ ಕೊರತೆ, ಜೊತೆಗೆ ದೇಹದಲ್ಲಿ ಉತ್ತೇಜಕ ಔಷಧ ಮತ್ತು ಮದ್ಯ. ವೈನಿನ ನಾಡಿನಲ್ಲಿ ಸೈಕಲ್ ತುಳಿಯುವವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ. ರುಚಿ ನೋಡುವುದೇನಿದ್ದರೂ ಸವಾರಿ ಮುಗಿದು, ಬೈಸಿಕಲ್ ಗೋಡೆಗೆ ಒರಗಿದ ಮೇಲೆ.

ಬೆಟ್ಟದ ಏರು

ವಾಂತೂವಿನೊಡನೆ ಹೋಲಿಸಿದರೆ ನಂದಿಯ ಏರು ಮೂರರಲ್ಲೊಂದು ಪಾಲಿಗೂ ಕಡಿಮೆ. ಹಾಗೆಂದು ಹಗುರವಾಗಿ ಭಾವಿಸುವಂತಿಲ್ಲ. ತಪ್ಪಲಿನಿಂದ ತುದಿಯವರೆಗೆ ಸುಮಾರು 8 ಕಿಲೋಮೀಟರು ಬಿಡುವಿಲ್ಲದ ಹತ್ತು. ಪ್ರತಿ 100 ಮೀಟರಿಗೆ ಸರಾಸರಿ 5–6 ಮೀಟರಿನಷ್ಟು ಏರುವ ರಸ್ತೆ, ಕೊನೆಯ ತಿರುವುಗಳಲ್ಲಿ 10 ಮೀಟರನ್ನೂ ಮೀರುತ್ತದೆ. ಮೊದಲ ಬಾರಿಗೆ ಬಂದವರು ಕೆಳಗಿನ ಭಾಗದಲ್ಲೇ ಶಕ್ತಿಯನ್ನೆಲ್ಲ ವ್ಯಯಮಾಡಿ, ಮೇಲಿನ ತಿರುವುಗಳಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ನಡೆಯುವುದು ದಿನನಿತ್ಯದ ನೋಟ. ಬಲ್ಲವರು ಮೊದಲಿನಿಂದಲೇ ಹಗುರವಾದ ಗಿಯರಿನಲ್ಲಿ, ಪಕ್ಕದವನೊಡನೆ ಮಾತನಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ತುಳಿಯುತ್ತಾರೆ.

ಏರಿಗಿಂತ ಇಳಿತವೇ ಹೆಚ್ಚು ಅಪಾಯಕರ. ಬಿಡದೆ ಒತ್ತಿಹಿಡಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದುಂಟು. ತಿರುವಿನೊಳಗೆ ನುಗ್ಗಿದ ಮೇಲೆ ಬ್ರೇಕು ಹಾಕಿದರೆ ಚಕ್ರ ಜಾರುತ್ತದೆ. ಆದ್ದರಿಂದ ತಿರುವಿಗೆ ಮುನ್ನವೇ ಎರಡೂ ಬ್ರೇಕುಗಳನ್ನು ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಸಡಿಲಬಿಡಬೇಕು. ರಸ್ತೆಯ ನಡುವೆ ಕೋತಿಗಳು ಕುಳಿತಿರುತ್ತವೆ. ಮಳೆಯ ಮಾರನೆಯ ದಿನ ಜಲ್ಲಿ ಹರಡಿರುತ್ತದೆ. 2021ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಕುಸಿದು ರಸ್ತೆಯೇ ಕಿತ್ತುಹೋಗಿ, ಬೆಟ್ಟದ ದಾರಿ ತಿಂಗಳುಗಟ್ಟಲೆ ಮುಚ್ಚಿತ್ತು. ಹೊರಡುವ ಮುನ್ನ ದ್ವಾರ ತೆರೆಯುವ ವೇಳೆಯನ್ನೂ ವಾರಾಂತ್ಯದ ನಿರ್ಬಂಧಗಳನ್ನೂ ವಿಚಾರಿಸಿಕೊಳ್ಳುವುದು ಲೇಸು.

ತುದಿಯಲ್ಲಿ ಯೋಗನಂದೀಶ್ವರ, ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. ಬೆಟ್ಟದ ಕೋಟೆಯನ್ನು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನವರಿಂದ ಕಸಿದುಕೊಂಡಿತು. ಅನಾರೋಗ್ಯದಿಂದ ಬಳಲಿದ್ದ ಗಾಂಧೀಜಿ 1927ರಲ್ಲಿ ಇಲ್ಲಿ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೊಮ್ಮೆ ಬಂದರು. ತುದಿಯನ್ನು ಮುಟ್ಟಿದ ಸಂಭ್ರಮದಲ್ಲಿ ಸವಾರರು ಬುಡದ ಭೋಗನಂದೀಶ್ವರನನ್ನು ಮರೆಯುವುದೇ ಹೆಚ್ಚು. ಸಾವಿರ ವರ್ಷಕ್ಕೂ ಹಿಂದಿನ ಆ ಗುಡಿಯ ತಂಪು ಕಲ್ಲುಚಪ್ಪಡಿಯ ಮೇಲೆ ಹತ್ತು ನಿಮಿಷ ಕುಳಿತರೆ ಏರಿನ ಆಯಾಸವೆಲ್ಲ ಇಳಿಯುತ್ತದೆ.

ಚಪ್ಪರದ ಬಳ್ಳಿ, ತಂತಿಯ ಬಳ್ಳಿ

ನಂದಿಯ ಸುತ್ತ ಎರಡು ಬಗೆಯ ದ್ರಾಕ್ಷಿತೋಟಗಳು ಕಾಣಸಿಗುತ್ತವೆ. ತಲೆಯ ಮಟ್ಟಕ್ಕಿಂತ ಮೇಲೆ ಚಪ್ಪರವಾಗಿ ಹಬ್ಬಿ, ಕೆಳಗೆ ಗೊಂಚಲು ಇಳಿಬಿಟ್ಟ ಬಳ್ಳಿಯಾದರೆ ಅದು ತಿನ್ನುವ ಹಣ್ಣಿನದು. ಬೇಲಿಯಂತೆ ನೇರ ಸಾಲುಗಳಲ್ಲಿ ತಂತಿಗೆ ಆತುಕೊಂಡು ನಿಂತಿದ್ದರೆ, ಅದು ವೈನಿನ ದ್ರಾಕ್ಷಿಯೆಂದು ಬಹುಮಟ್ಟಿಗೆ ತಿಳಿಯಬಹುದು.

ಚಪ್ಪರದಲ್ಲಿ ಬೆಳೆಯುವುದು ‘ದಿಲ್‌ಖುಷ್’, ‘ಶರದ್’, ಮತ್ತು ಎಲ್ಲಕ್ಕೂ ಹಳೆಯದಾದ ‘ಬೆಂಗಳೂರು ನೀಲಿ’. ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿಸಿಹಿಯ ರಸ, ಮನೆಯೆಲ್ಲ ತುಂಬುವ ಪರಿಮಳ. ಮಾರುಕಟ್ಟೆಯಿಂದ ತಂದ ಬುಟ್ಟಿಯ ಮೇಲಿನ ಕಾಗದ ತೆಗೆದ ಕೂಡಲೇ ಮಕ್ಕಳು ಓಡಿಬರುವುದು ಈ ಪರಿಮಳಕ್ಕೇ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇದನ್ನು ಅಮೆರಿಕ ಮೂಲದ ‘ಇಸಾಬೆಲ್ಲಾ’ ತಳಿಯೊಡನೆ ಗುರುತಿಸುವುದುಂಟು. ಸ್ವಾರಸ್ಯವೆಂದರೆ, 1934ರಲ್ಲಿ ಫ್ರಾನ್ಸ್ ದೇಶವು ವೈನಿಗೆ ಸಲ್ಲವೆಂದು ಕಾನೂನಿನಿಂದ ಹೊರಗಟ್ಟಿದ ಕೆಲವು ತಳಿಗಳಲ್ಲಿ ಇಸಾಬೆಲ್ಲಾ ಒಂದು. ಅಲ್ಲಿ ಬಹಿಷ್ಕೃತವಾದುದು ಇಲ್ಲಿ ನಾಡಿನ ಹೆಸರನ್ನೇ ಹೊತ್ತು ಮೆರೆಯಿತು.

ತಂತಿಯ ಬಳ್ಳಿಗಳ ಕಥೆ ಬೇರೆ. ಉದ್ಯಮಿ ಕನ್ವಲ್ ಗ್ರೋವರ್ ಅವರು ಷಾಂಪೇನ್ ಪ್ರಾಂತದ ಬೂಜಿ ಎಂಬ ಊರಿನ ದ್ರಾಕ್ಷಿತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರಾನ್ಸಿನ ತಳಿಗಳನ್ನು ತರಿಸಿ ಪರೀಕ್ಷಿಸಿ, ದೊಡ್ಡಬಳ್ಳಾಪುರದ ಬಳಿ ನಂದಿಯ ತಪ್ಪಲಿನಲ್ಲಿ ತೋಟ ಮಾಡಿದರು. 1988ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಮೊದಲ ವೈನು 1992ರಲ್ಲಿ ಹೊರಬಂತು. ಮುಂದೆ ಬೋರ್ಡೋದ ಹೆಸರಾಂತ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾದರು. ಕೆಂಪು ಮಣ್ಣಿನಲ್ಲಿ ನೀರು ನಿಲ್ಲದು. 900 ಮೀಟರಿಗೂ ಮಿಗಿಲಾದ ಎತ್ತರದಿಂದಾಗಿ ರಾತ್ರಿ ತಂಪಾಗಿರುತ್ತದೆ. ಆದರೆ ಹಿಮ ಬೀಳದ ನಾಡಾದ್ದರಿಂದ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ಫ್ರಾನ್ಸಿನಲ್ಲಿ ವರ್ಷಕ್ಕೊಮ್ಮೆ ಸವರುವ ಬಳ್ಳಿಯನ್ನು ಇಲ್ಲಿ ಎರಡು ಬಾರಿ ಸವರಿ, ಹಣ್ಣು ಬಿಡುವ ಕಾಲವನ್ನು ಮಳೆಯಿಂದ ತಪ್ಪಿಸಬೇಕು. 2007ರಲ್ಲಿ ರಾಜ್ಯ ಸರ್ಕಾರ ವೈನಿಗೆಂದೇ ಒಂದು ನೀತಿಯನ್ನು ರೂಪಿಸಿತು. ರಾಜ್ಯದ ವೈನ್ ವಲಯಗಳಲ್ಲಿ ಒಂದಕ್ಕೆ ‘ನಂದಿ ಕಣಿವೆ’ಯೆಂದೇ ಹೆಸರು.

ದಾರಿಯಂಚಿನ ಗೊಂಚಲನ್ನು ಕಂಡು ಕೈ ಚಾಚುವ ಸವಾರರಿಗೆ ಒಂದು ಹಳೆಯ ವೃತ್ತಾಂತ. 1882ರಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಮಿಯಾರ್ದೆ ಬೂಜುರೋಗದಿಂದ ಎಲೆಯುದುರಿದ್ದ ತೋಟಗಳ ನಡುವೆ ಹೋಗುತ್ತಿದ್ದಾಗ, ರಸ್ತೆಯಂಚಿನ ಬಳ್ಳಿಗಳು ಮಾತ್ರ ಹಸಿರಾಗಿರುವುದನ್ನು ಕಂಡ. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕದಿಯದಿರಲೆಂದು ರೈತರು ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿ, ವಿಷವೆಂಬ ಭಯ ಹುಟ್ಟುವಂತೆ ಬಳ್ಳಿಗೆ ಎರಚಿದ್ದರೆಂದು ತಿಳಿಯಿತು. ಕಳ್ಳರನ್ನು ಹೆದರಿಸಿದ ಬಣ್ಣವೇ ರೋಗವನ್ನೂ ತಡೆದಿತ್ತು. 1885ರಲ್ಲಿ ಆತ ಪ್ರಕಟಿಸಿದ ಆ ಮಿಶ್ರಣವೇ ಇಂದು ಮಲೆನಾಡಿನ ಅಡಿಕೆ ಬೆಳೆಗಾರರಿಗೂ ಪರಿಚಿತವಾದ ‘ಬೋರ್ಡೋ ದ್ರಾವಣ’. ಬಯಲುಸೀಮೆಯ ತೋಟಗಳಲ್ಲಿಯೂ ಬಳ್ಳಿಗೆ ಔಷಧ ಹೊಡೆಯುತ್ತಾರೆ. ಆದ್ದರಿಂದ ಕೇಳದೆ ಕೀಳಬಾರದು, ತೊಳೆಯದೆ ತಿನ್ನಬಾರದು. ಕೇಳಿದರೆ ಕೊಡದ ರೈತ ಈ ಸೀಮೆಯಲ್ಲಿ ವಿರಳ.

ಗೌರಿಬಿದನೂರಿನಿಂದ ಮೇಲಕ್ಕೆ

ಉದ್ದದ ಸವಾರಿಗೆ ಗೌರಿಬಿದನೂರಿನಿಂದ ಹೊರಡುವುದು ಜಾಣತನ. ಚಿಕ್ಕಬಳ್ಳಾಪುರ 900 ಮೀಟರಿಗೂ ಎತ್ತರದಲ್ಲಿದೆ. ಗೌರಿಬಿದನೂರು 700 ಮೀಟರಿನ ಆಸುಪಾಸು. ಚಿಕ್ಕಬಳ್ಳಾಪುರದಿಂದ ಹೊರಟವರು ಬೆಳಗಿನ ತಂಪಿನಲ್ಲಿ ಸುಖವಾಗಿ ಇಳಿದು, ನಡುಹಗಲಿನ ಬಿಸಿಲಲ್ಲಿ ಏರಬೇಕಾಗುತ್ತದೆ. ಗೌರಿಬಿದನೂರಿನವರೆಗೆ ರೈಲಿನಲ್ಲಿ ಬಂದರೆ ಏರುವ ಕೆಲಸ ಮುಂಜಾನೆಯೇ ಮುಗಿಯುತ್ತದೆ. ಬೈಸಿಕಲ್ಲನ್ನು ರೈಲಿನಲ್ಲಿ ಒಯ್ಯುವ ನಿಯಮವನ್ನು ನಿಲ್ದಾಣದಲ್ಲಿ ಮೊದಲೇ ಕೇಳಿಕೊಂಡಿರಬೇಕು.

ಊರಿನಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಉತ್ತರ ಪಿನಾಕಿನಿಯ ದಡದ ಮೇಲೆ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಸ್ಥಳವಿದು. 32 ಮಂದಿ ಪ್ರಾಣತೆತ್ತರೆಂದು ಜನ ಸ್ಮರಿಸುತ್ತಾರೆ. ಅಲ್ಲಿನ ವೀರಸೌಧವನ್ನು ನೋಡಿ, ಊರಿಗೆ ಹಿಂದಿರುಗಿ, ಮಂಚೇನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರದ ಕಡೆ ತುಳಿಯಬೇಕು. 35–40 ಕಿಲೋಮೀಟರಿನ ಈ ದಾರಿ ಜೋಳ, ರಾಗಿ, ನೆಲಗಡಲೆಯ ಹೊಲಗಳಿಂದ ಹೊರಟು ಗುಡ್ಡಗಳ ನಡುವೆ ನುಸುಳುತ್ತ, ಕ್ರಮೇಣ ತೋಟಗಳ ಸೀಮೆಯನ್ನು ಸೇರುತ್ತದೆ. ಸಂಜೆಗೆ ಬಿಡುವಿದ್ದರೆ ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಗೆ ಹೋಗಿಬರಬಹುದು. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ಅದು; 1962ರಲ್ಲಿ ಅವರು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದುದೂ ಅಲ್ಲಿಯೇ.

ಗೂಡಿನ ಪೇಟೆಯ ದಾರಿ

ಎರಡನೆಯ ದಿನದ ಸವಾರಿ ಹಗುರ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಸುಮಾರು 15 ಕಿಲೋಮೀಟರು. ಅಲ್ಲಿಂದ ಚಿಂತಾಮಣಿಗೆ 25–30. ದೊಡ್ಡ ಏರುಗಳಿಲ್ಲ, ಅಲೆಅಲೆಯಾದ ನೆಲ. ಶಿಡ್ಲಘಟ್ಟವನ್ನು ಸಮೀಪಿಸುತ್ತಿದ್ದಂತೆ ದ್ರಾಕ್ಷಿಯ ಜಾಗವನ್ನು ಹಿಪ್ಪುನೇರಳೆ ಆಕ್ರಮಿಸುತ್ತದೆ. ಮನೆಗಳ ಮುಂದೆ ಬಿಸಿಲಿಗಿಟ್ಟ ಬಿದಿರಿನ ಚಂದ್ರಿಕೆಗಳು ಕಾಣುತ್ತವೆ. ಊರೊಳಗೆ ಹೊಕ್ಕರೆ ಗೂಡು ಬೇಯಿಸುವ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ. ಆಮೇಲೆ ನೂಲು ಬಿಚ್ಚುವ ಯಂತ್ರಗಳ ಸದ್ದು. ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಇಲ್ಲಿಯದೊಂದು. ಮದುವೆಗೆಂದು ರೇಷ್ಮೆ ಸೀರೆ ಕೊಂಡ ಮನೆಯ ಮಕ್ಕಳು ಆ ಎಳೆ ಹುಟ್ಟುವ ಬಗೆಯನ್ನು ಒಮ್ಮೆಯಾದರೂ ಇಲ್ಲಿ ನೋಡಬೇಕು.

ಚಿಂತಾಮಣಿ ವ್ಯಾಪಾರದ ಊರು. ಅಲ್ಲಿಂದ ಹತ್ತಾರು ಕಿಲೋಮೀಟರು ದೂರದ ಕೈವಾರ, ಯೋಗಿ ನಾರೇಯಣ ಯತೀಂದ್ರರ ಸ್ಥಳ. ಆ ಸಂತರು ಕನ್ನಡ, ತೆಲುಗು ಎರಡರಲ್ಲಿಯೂ ಹಾಡಿದವರು. ಸೀಮೆಯ ಮಾತೂ ಹಾಗೆಯೇ; ಕನ್ನಡದಲ್ಲಿ ದಾರಿ ಕೇಳಿದವರಿಗೆ ಉತ್ತರ ಅರ್ಧ ತೆಲುಗಿನಲ್ಲಿ ಬಂದರೂ ಆಶ್ಚರ್ಯವಿಲ್ಲ. ಹಸಿದವರಿಗೆ ಮುದ್ದೆ, ಬಸ್ಸಾರು ಎಲ್ಲಿಯೂ ಸಿಗುತ್ತದೆ. ತುಳಿಯಲಾರದ ಹಿರಿಯರೂ ಚಿಕ್ಕಮಕ್ಕಳೂ ಈ ಭಾಗಕ್ಕೆ ರೈಲಿನಲ್ಲಿ ಬಂದು ಸವಾರರನ್ನು ಕೂಡಿಕೊಳ್ಳಬಹುದು. ಯಲಹಂಕದಿಂದ ಹೊರಟ ಹಳಿ ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಹಾದು ಕೋಲಾರಕ್ಕೆ ಹೋಗುತ್ತದೆ.

ಹೆದ್ದಾರಿಯ ಭಯ

ಇಷ್ಟೆಲ್ಲ ಚೆಲುವಿದ್ದರೂ ಮನೆಯವರ ಆತಂಕ ಅಕಾರಣವಲ್ಲ. ಬೆಂಗಳೂರಿನಿಂದ ದೇವನಹಳ್ಳಿಯ ಕಡೆಗೆ ಹೋಗುವ ಹೆದ್ದಾರಿ ಮೋಟಾರುಗಳಿಗಾಗಿ ಕಟ್ಟಿದ್ದು. ನಸುಕಿನ ಕತ್ತಲಲ್ಲಿ ನಿದ್ದೆಗೆಟ್ಟ ಚಾಲಕರೂ ಖಾಲಿ ರಸ್ತೆಯೆಂದು ಹುಚ್ಚುವೇಗದಲ್ಲಿ ಬರುವವರೂ ಅಲ್ಲಿ ಇರುತ್ತಾರೆ. ಸೈಕಲ್ಲಿನವನಿಗೆ ಸುತ್ತ ಕಬ್ಬಿಣದ ಗೂಡಿಲ್ಲ. ಒಂದು ತಪ್ಪು, ಅದೂ ಇನ್ನೊಬ್ಬನ ತಪ್ಪು, ಸಾಕು. ಗುಂಪಾಗಿ ಹೋಗುವುದು, ಹಿಂದೆ ಮುಂದೆ ದೀಪವಿಡುವುದು, ಎದ್ದುಕಾಣುವ ಬಣ್ಣದ ಅಂಗಿ ತೊಡುವುದು, ಸಾಧ್ಯವಾದಲ್ಲೆಲ್ಲ ಪಕ್ಕದ ಸೇವಾರಸ್ತೆಯನ್ನೋ ಹಳ್ಳಿಯ ರಸ್ತೆಯನ್ನೋ ಹಿಡಿಯುವುದು ಕನಿಷ್ಠ ನಿಯಮ. ನಾಲ್ಕು ಊರುಗಳನ್ನು ಬೆಸೆಯುವ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯೇ. ಅಲ್ಲಿಯೂ ಲಾರಿಗಳಿಗೆ ಎಡಬದಿಯಲ್ಲಿ ದಾರಿ ಬಿಟ್ಟು ನಡೆಯಬೇಕು.

ಆತುರವೇ ಅನರ್ಥಕ್ಕೆ ಮೂಲ. ಈ ವಿಷಯದಲ್ಲಿಯೂ ಫ್ರಾನ್ಸಿನಿಂದ ಬಂದ ಒಂದು ಪದ್ಧತಿ ಅನುಕರಣೀಯ. ‘ಬ್ರೆವೆ’ ಎಂಬ ದೂರಸವಾರಿಯಲ್ಲಿ 200 ಕಿಲೋಮೀಟರನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಿದರಾಯಿತು; ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ಇದರ ಶಿಖರವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1,200 ಕಿಲೋಮೀಟರಿನದು. ಅದರ ಗಡುವು 90 ಗಂಟೆ. ಅಲ್ಲಿಗೆ ಹೋಗಿಬಂದ ಕನ್ನಡ ನಾಡಿನ ಸವಾರರೂ ಇದ್ದಾರೆ.

ನೀರು ಮತ್ತು ನೆಲ

ಸವಾರನ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯಿದೆ. ಪಿನಾಕಿನಿ, ಅರ್ಕಾವತಿಯಂಥ ನದಿಗಳು ಹುಟ್ಟುವುದು ನಂದಿಯ ಸುತ್ತಲ ಬೆಟ್ಟಗಳಲ್ಲಿ. ಆದರೂ ವರ್ಷವಿಡೀ ಹರಿಯುವ ಒಂದು ಹೊಳೆಯೂ ಜಿಲ್ಲೆಗಿಲ್ಲ. ದ್ರಾಕ್ಷಿಯ ಬಳ್ಳಿಗೆ ಹನಿಹನಿಯಾಗಿ ಬೀಳುವ ನೀರು ಸಾವಿರ ಅಡಿಗೂ ಆಳದ ಕೊಳವೆ ಬಾವಿಗಳಿಂದ ಬಂದದ್ದಾಗಿರಬಹುದು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ಈ ಸೀಮೆಯ ಕೆರೆಗಳಿಗೆ ಹರಿಸಿದ ಮೇಲೆ ಬತ್ತಿದ್ದ ಕೆರೆಗಳು ತುಂಬಿದವು. ಎರಡು ಹಂತದ ಶುದ್ಧಿ ಸಾಲದು, ಮೂರನೆಯದೂ ಬೇಕೆಂಬ ಒತ್ತಾಯ ಜಿಲ್ಲೆಯ ಜನರದು. ನಗರದ ಮನೆಗಳ ಬಚ್ಚಲ ನೀರು ಚಪ್ಪರದ ಬೇರಿಗೆ ತಲಪುವ ಮುನ್ನ ಎಷ್ಟು ಶುದ್ಧವಾಗಬೇಕೆಂಬುದು ಹಣ್ಣು ತಿನ್ನುವ ನಗರದವರ ಪ್ರಶ್ನೆಯೂ ಹೌದು.

ನೆಲದ ಕಥೆಯೂ ಇಷ್ಟೇ ಗಹನ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಸುತ್ತಲ ಭೂಮಿಯ ಬೆಲೆ ಗಗನಕ್ಕೇರಿತು. ಮಳೆ, ರೋಗ, ದಲ್ಲಾಳಿ, ಬೆಲೆ ಕುಸಿತಗಳ ನಡುವೆ ವರ್ಷವಿಡೀ ಬಳ್ಳಿಯನ್ನು ಸಾಕುವುದಕ್ಕಿಂತ, ಕಲ್ಲುಕಂಬಗಳನ್ನು ಕಿತ್ತು ನಿವೇಶನ ಮಾಡಿ ಮಾರುವುದು ಲಾಭವೆಂದು ರೈತ ಎಣಿಸಿದರೆ ಅವನನ್ನು ದೂರುವಂತಿಲ್ಲ. ಆದರೆ ತೋಟವೇ ಇಲ್ಲವಾದರೆ ತೋಟದ ದಾರಿಯೂ ಇರದು.

ಇಲ್ಲಿ ಸೈಕಲ್ಲಿನ ಸವಾರ ಅಲ್ಪ ಸಹಾಯ ಮಾಡಬಲ್ಲ. ಮೋಟಾರಿನಲ್ಲಿ ಬಂದವರು ಹೆದ್ದಾರಿಯ ಹೋಟೆಲಿನಲ್ಲಿ ಹಣ ಚೆಲ್ಲಿ ಹೋಗುತ್ತಾರೆ. ನಿಧಾನವಾಗಿ ಬಂದವನು ಹಳ್ಳಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತಾನೆ, ತೋಟದ ಬಾಗಿಲಲ್ಲಿ ಹಣ್ಣು ಕೊಳ್ಳುತ್ತಾನೆ, ರಾತ್ರಿ ತಂಗಲು ಊರಿನಲ್ಲಿ ಜಾಗ ಹುಡುಕುತ್ತಾನೆ. ಬರ್ಗಂಡಿಯ ಹಳ್ಳಿಗಳಿಗೆ ಇದು ಆದಾಯದ ಒಂದು ದಾರಿಯಾಗಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕೆರೆಯ ಏರಿಗಳಿವೆ, ಹಳ್ಳಿಯಿಂದ ಹಳ್ಳಿಗೆ ಡಾಂಬರು ರಸ್ತೆಗಳಿವೆ. ಹೆದ್ದಾರಿಯನ್ನು ಬಿಟ್ಟು ಅವುಗಳನ್ನೇ ಒಂದಕ್ಕೊಂದು ಜೋಡಿಸಿ, ಕೂಡುದಾರಿಗಳಲ್ಲಿ ಫಲಕ ನೆಟ್ಟು, ಒಂದು ನಕ್ಷೆ ಅಚ್ಚುಹಾಕಿಸಿದರೆ ಅರ್ಧ ಕೆಲಸ ಮುಗಿಯಿತು. ಇದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಜಿಲ್ಲಾಡಳಿತದ ಮನಸ್ಸು ಬೇಕು.

ಅಲ್ಲಿಯವರೆಗೆ ಹೊರಡಬಯಸುವವರು ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ತಂಪು ತಿಂಗಳುಗಳನ್ನು ಆರಿಸಿಕೊಳ್ಳಲಿ. ಪುಷ್ಯ ಮಾಸದ ಸುಮಾರಿಗೆ ಹೋದರೆ ಅವರೆಕಾಯಿಯ ಸೊಗಡು. ಫೆಬ್ರುವರಿಯ ಹೊತ್ತಿಗೆ ಹೋದರೆ ವೈನಿನ ದ್ರಾಕ್ಷಿಯ ಕೊಯ್ಲು. ಎರಡು ಬಾಟಲಿ ನೀರು, ಒಂದು ಗಾಳಿಪಂಪು, ಚಕ್ರಕ್ಕೊಂದು ಬದಲಿ ಟ್ಯೂಬು ಜೊತೆಗಿರಲಿ. ಹಿಂದಿರುಗುವಾಗ ಚೀಲದಲ್ಲಿ ಒಂದು ಸೇರು ಬೆಂಗಳೂರು ನೀಲಿಗೆ ಜಾಗವಿದ್ದರೆ ಮನೆಯವರೂ ಮುಂದಿನ ಸವಾರಿಗೆ ಅಡ್ಡಿ ಹೇಳಲಾರರು.